ಹನ್ನೊಂದು ತಟ್ಟೆ, ಒಂದು ಮಾತ್ರೆ: ಮಡಿಕೇರಿ ಬಳಿಯ ಒಂದು ರಾತ್ರಿಯೂಟದ ಪ್ರಕರಣ ಅಧ್ಯಯನ

2025ರ ಆಗಸ್ಟ್ 3ರ ಭಾನುವಾರ, ಕೊಡಗಿನ ಕಕ್ಕಡ ಮಾಸದ ಹದಿನೆಂಟನೆಯ ದಿನವಾದ ಕಕ್ಕಡ ಪದಿನೆಟ್ಟ್‌ನ ರಾತ್ರಿ, ಮಡಿಕೇರಿಯಿಂದ ಸುಮಾರು 14 ಕಿಲೊಮೀಟರ್ ದೂರದ ಕಾಫಿ ತೋಟದೊಳಗಿನ ಒಂದು ರೆಸಾರ್ಟಿನಲ್ಲಿ, ತಲೆಗೆ 5,500 ರೂಪಾಯಿ ದರದ ಹನ್ನೊಂದು ತಟ್ಟೆಗಳ ಊಟದ ಐದನೆಯ ತಟ್ಟೆ ಮೇಜಿಗೆ ಬರುವ ಹೊತ್ತಿಗೆ, ನನ್ನ ಮಾವನವರ ರಕ್ತದ ಸಕ್ಕರೆ ಡೆಸಿಲೀಟರಿಗೆ 58 ಮಿಲಿಗ್ರಾಂಗೆ ಇಳಿದಿತ್ತು. ದೊಡ್ಡ ಅಪಾಯವೇನೂ ಆಗಲಿಲ್ಲ. ಮಾವನವರು ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡು, ಉಳಿದ ತಟ್ಟೆಗಳನ್ನೂ ಮುಗಿಸಿಯೇ ಎದ್ದರು. ಆದರೂ ಇದನ್ನು ಬರೆದಿಡಬೇಕೆಂದು ಅನ್ನಿಸಿದ್ದಕ್ಕೆ ಕಾರಣವಿದೆ. ರಸಕ್ಕೆ ಪೊರೆ ಕಟ್ಟಿಸುವ ಆಲ್ಜಿನೇಟ್ ಪುಡಿಯನ್ನು ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ತೂಗುವ, ನೀರಿನ ಬಿಸಿ ಅರ್ಧ ಡಿಗ್ರಿಯೂ ಆಚೀಚೆ ಆಗದಂತೆ ಕಾಯುವ ಅಡುಗೆಮನೆಯೊಂದು, ತಾನು ಬಡಿಸುತ್ತಿರುವುದು ಹಸಿದು ಬಂದವರ ರಾತ್ರಿಯೂಟ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಹೋಟೆಲ್ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ಅಡುಗೆ ಕಲಿಸುವವನು. ಆ ರಾತ್ರಿ ಮೇಜಿನಲ್ಲಿದ್ದ ಐವರಲ್ಲಿ ಒಬ್ಬನಾಗಿದ್ದೆ. ಆದ್ದರಿಂದ ಇದು ಹೊರಗಿನವನು ದೂರ ನಿಂತು ಬರೆದ ವರದಿಯಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ರೆಸಾರ್ಟಿನ ಹೆಸರನ್ನಾಗಲಿ, ಶೆಫ್ ಹೆಸರನ್ನಾಗಲಿ ಹೇಳುವುದಿಲ್ಲ.

ಸಂದರ್ಭ

ಮಾವನವರಿಗೆ ಆ ವಾರ ಎಪ್ಪತ್ತು ತುಂಬಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನ ತಂದೆಗೊಂದು ಅಪರೂಪದ ಊಟ ಹಾಕಿಸಬೇಕೆಂದು ಹಟ ಹಿಡಿದು, ಎರಡು ತಿಂಗಳ ಮುಂಚೆಯೇ ಪೂರ್ತಿ ಹಣ ಕಟ್ಟಿ ಮೇಜು ಕಾಯ್ದಿರಿಸಿದ್ದ. ಕಕ್ಕಡ ಮಾಸ ಕೊಡಗಿನಲ್ಲಿ ಗದ್ದೆ ಕೆಲಸದ, ಬಿಡದ ಮಳೆಯ, ಶುಭಕಾರ್ಯಗಳಿಲ್ಲದ ತಿಂಗಳು. ಅದರ ಹದಿನೆಂಟನೆಯ ದಿನ ಮಾತ್ರ ಮನೆಮನೆಯಲ್ಲೂ ಮದ್ದು ಸೊಪ್ಪನ್ನು ಕುದಿಸಿ, ಅದರ ಕಡು ನೇರಳೆ ನೀರಿನಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಂಬಿಕೆ. ರೆಸಾರ್ಟಿನವರು ಆ ರಾತ್ರಿಗೆಂದೇ ಮಳೆಗಾಲದ ವಿಶೇಷ ಮೆನುವನ್ನು ಪ್ರಕಟಿಸಿದ್ದರು. ಮನೆಯಲ್ಲಿ ಪಾಯಸ ಮಾಡುವ ದಿನ ಹೊರಗೆ ಊಟಕ್ಕೆ ಹೋಗುವುದು ಅತ್ತೆಗೆ ಅಷ್ಟಾಗಿ ಹಿಡಿಸಿರಲಿಲ್ಲ. ಬೆಳಿಗ್ಗೆಯೇ ಪಾಯಸ ಮಾಡಿ, ಮನೆಯಲ್ಲಿದ್ದವರಿಗೆಲ್ಲ ಒಂದೊಂದು ಲೋಟ ಕುಡಿಸಿ, ಆ ಮೇಲೆಯೇ ಹೊರಡಲು ಒಪ್ಪಿದರು.

ಕಾಯ್ದಿರಿಸುವ ನಮೂನೆಯನ್ನು ಭಾವಮೈದುನನಿಂದ ಆಮೇಲೆ ಪಡೆದು ನೋಡಿದೆ. ಸಸ್ಯಾಹಾರವೋ ಮಾಂಸಾಹಾರವೋ, ಯಾವುದಾದರೂ ಪದಾರ್ಥ ಮೈಗೆ ಒಗ್ಗುವುದಿಲ್ಲವೋ, ವಿಶೇಷ ಸಂದರ್ಭವೇನಾದರೂ ಇದೆಯೋ ಎಂಬ ಮೂರು ಪ್ರಶ್ನೆಗಳಷ್ಟೇ ಅಲ್ಲಿದ್ದವು. ಮೂರನೆಯದಕ್ಕೆ ಅವನು ಹುಟ್ಟುಹಬ್ಬವೆಂದು ಬರೆದಿದ್ದ. ಊಟ ಎಷ್ಟು ಹೊತ್ತು ನಡೆಯುತ್ತದೆಂಬ ಮಾಹಿತಿ ದೃಢೀಕರಣ ಪತ್ರದ ಕೊನೆಯ ಸಾಲಿನಲ್ಲಿ, ನಿಲುಗಡೆ ವ್ಯವಸ್ಥೆಯ ಸೂಚನೆಯ ಕೆಳಗೆ ಇತ್ತು: ಸುಮಾರು ಮೂರೂವರೆ ಗಂಟೆ.

ಈ ಬಗೆಯ ಊಟದ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಆಹಾರದ ಭೌತ-ರಾಸಾಯನಿಕ ವರ್ತನೆಯ ಅಧ್ಯಯನಕ್ಕೆ 1988ರಲ್ಲಿ ನಿಕೊಲಸ್ ಕುರ್ಟಿ ಮತ್ತು ಎರ್ವೆ ತೀಸ್ ಎಂಬ ಇಬ್ಬರು ವಿಜ್ಞಾನಿಗಳು ಮಾಲಿಕ್ಯುಲರ್ ಗ್ಯಾಸ್ಟ್ರಾನಮಿ ಎಂಬ ಅರ್ಥದ ಹೆಸರಿಟ್ಟರು. ಸ್ಪೇನಿನ ಎಲ್ ಬುಲ್ಯಿ ರೆಸ್ಟೋರೆಂಟಿನಲ್ಲಿ ಶೆಫ್ ಫೆರಾನ್ ಆದ್ರಿಯಾ 2003ರಲ್ಲಿ ಹಣ್ಣಿನ ರಸವನ್ನು ಮೀನಿನ ಮೊಟ್ಟೆಯಂಥ ಮುತ್ತುಗಳಾಗಿಸಿ ಬಡಿಸಿದ ಮೇಲೆ, ಆ ಮುತ್ತುಗಳೇ ಇಡೀ ಪಂಥದ ಗುರುತಾದವು. 2003ರಲ್ಲೇ ಕೋಪನ್‌ಹೇಗನ್ನಿನಲ್ಲಿ ತೆರೆದ ನೋಮಾ ರೆಸ್ಟೋರೆಂಟ್ ಬೇರೊಂದು ದಾರಿ ಹಿಡಿದು, ಸುತ್ತಲಿನ ಕಾಡು, ಕಡಲದಂಡೆಗಳಲ್ಲಿ ಸಿಗುವುದನ್ನು ಕೊಯ್ದು, ಹುಳಿಯಿಸಿ, ಊರಿನ ಋತುವನ್ನೇ ತಟ್ಟೆಗೆ ತರುವುದನ್ನು ರೂಢಿಗೆ ತಂದಿತು. ನಮ್ಮ ರೆಸಾರ್ಟಿನ ಅಡುಗೆಮನೆ ಈ ಎರಡನ್ನೂ ಒಟ್ಟಿಗೆ ಹಿಡಿಯಲು ಹೊರಟಿತ್ತು. ಉಪಕರಣ ಮೊದಲನೆಯದರದು, ಪದಾರ್ಥ ಎರಡನೆಯದರ ದಾರಿಯದು. ಹೀಗೆ ಹೊರಟದ್ದನ್ನು ನಾನು ತಪ್ಪೆನ್ನುವುದಿಲ್ಲ. ಮಳೆಗಾಲದ ಕೊಡಗಿನಲ್ಲಿ ಕಣಿಲೆ ಎನ್ನುವ ಎಳೆಬಿದಿರು, ಅಣಬೆ, ಕೆಸ, ತೆರ್ಮೆ ಸೊಪ್ಪೆನ್ನುವ ಜರೀಗಿಡದ ಚಿಗುರು ಎಲ್ಲವೂ ಹಿತ್ತಲಿನಲ್ಲೇ ಸಿಗುವಾಗ, ಇಂಥ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸುಲಭವಾಗಿ ಸಿಗಲಾರದು.

ಮೊದಲ ನಾಲ್ಕು ತಟ್ಟೆ

ನಮಗೆ ಕೊಟ್ಟ ಸಮಯ ಏಳೂವರೆ. ಮಾವನವರು ಮನೆಯಲ್ಲಿ ರಾತ್ರಿಯೂಟವನ್ನು ಎಂಟರೊಳಗೆ ಮುಗಿಸುವವರು. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆಯನ್ನು ಊಟಕ್ಕೆ ಸ್ವಲ್ಪ ಮುಂಚೆ ನುಂಗುತ್ತಾರೆ. ಹನ್ನೆರಡು ವರ್ಷಗಳ ಅಭ್ಯಾಸದಂತೆ, ಏಳು ಇಪ್ಪತ್ತಕ್ಕೆ ಕಾರು ನಿಂತ ಕೂಡಲೇ ಅತ್ತೆ ಕೈಚೀಲದಿಂದ ಮಾತ್ರೆ ತೆಗೆದುಕೊಟ್ಟರು, ಮಾವ ನೀರಿನೊಂದಿಗೆ ನುಂಗಿದರು. ನಾನು ಪಕ್ಕದಲ್ಲೇ ಕೊಡೆ ಬಿಚ್ಚುತ್ತಿದ್ದೆ. ಮೂರೂವರೆ ಗಂಟೆಯ ಊಟದಲ್ಲಿ ಪಿಷ್ಟ ಯಾವಾಗ ಬರುತ್ತದೆಂಬುದನ್ನು ಊಹಿಸಬಲ್ಲವನು ಆ ಕುಟುಂಬದಲ್ಲಿ ನಾನೊಬ್ಬನೇ. ಆದರೂ ಆ ಕ್ಷಣಕ್ಕೆ ಅದು ನನಗೆ ಹೊಳೆಯಲಿಲ್ಲ.

ಬಾಗಿಲಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಯ ಕಷಾಯ ಕೊಟ್ಟರು, ಸಕ್ಕರೆ ಹಾಕದ್ದು. ಏಳು ನಲವತ್ತಕ್ಕೆ ಮೇಜಿಗೆ ಕರೆದೊಯ್ದರು. ಎಲ್ಲ ಮೇಜುಗಳಿಗೂ ಒಂದೇ ಹೊತ್ತಿಗೆ ಮೊದಲ ತಟ್ಟೆ ಹೋಗಬೇಕೆಂಬುದು ಅಲ್ಲಿಯ ಕ್ರಮ. ಹತ್ತು ಮಂದಿಯ ಒಂದು ತಂಡ ಮಂಜಿನಲ್ಲಿ ಸಿಕ್ಕಿಕೊಂಡು ತಡವಾದ್ದರಿಂದ, ಊಟ ಆರಂಭವಾದಾಗ ಎಂಟು ದಾಟಿ ಐದು ನಿಮಿಷ. ಮಾತ್ರೆ ನುಂಗಿ ಆಗಲೇ ಮುಕ್ಕಾಲು ಗಂಟೆ ಕಳೆದಿತ್ತು.

ಮೆನುವಿನ ದಪ್ಪ ಕಾಗದದ ಮೇಲೆ ‘ಮಳೆ’, ‘ಹುಳಿ’, ‘ಹುತ್ತ’, ‘ಹೊಗೆ’ ಎಂದು ಒಂದೊಂದೇ ಪದವಿತ್ತು. ಓದಲು ಚೆಂದ. ಆದರೆ ಬರಲಿರುವುದು ಅನ್ನವೋ ಎಲೆಯೋ ಎಂಬುದು ಅದರಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಮೊದಲ ತಟ್ಟೆಯಲ್ಲಿ ಪಾಚಿಯ ಮೇಲೆ ಒಣ ಮಂಜುಗಡ್ಡೆಯ ಹೊಗೆ ಹರಿಯುತ್ತಿತ್ತು, ನಡುವೆ ತೆಳುವಾಗಿ ಕರಿದ ಕೆಸುವಿನೆಲೆ. ಎರಡನೆಯದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಅಕ್ಕಿ ಒಟ್ಟಿ (ರೊಟ್ಟಿ), ಮೇಲೆ ಪರಂಗಿ ಮಾಲಿನ, ಅಂದರೆ ಸೂಜಿಮೆಣಸಿನ, ಎಣ್ಣೆಯ ಎರಡು ಹನಿ. ಮಾವ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇದು ಒಟ್ಟಿಯ ಮರಿ, ಇನ್ನೂ ಬೆಳೆಯಬೇಕು" ಎಂದರು. ಎಲ್ಲರೂ ನಕ್ಕೆವು, ಬಡಿಸುತ್ತಿದ್ದ ಅಸ್ಸಾಮಿನ ಹುಡುಗನೂ ನಕ್ಕ.

ಮೂರನೆಯ ತಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ರಾತ್ರಿಯ ತಡದ ಒಂದು ಭಾಗ ಅಲ್ಲಿಯೇ ಹುಟ್ಟಿತು. ಅದು ಕಚಂಪುಳಿಯ ಮುತ್ತುಗಳು. ಕಚಂಪುಳಿ ಎಂದರೆ, ಹಣ್ಣಾದ ಪಣಂಪುಳಿಯನ್ನು ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಹುಳಿ. ಅದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಮುತ್ತು ಮಾಡುವ ಸಾಮಾನ್ಯ ವಿಧಾನದಲ್ಲಿ, ಕಡಲಕಳೆಯಿಂದ ತೆಗೆದ ಸೋಡಿಯಂ ಆಲ್ಜಿನೇಟನ್ನು ರಸದಲ್ಲಿ ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಡುತ್ತಾರೆ; ಹನಿಯ ಸುತ್ತ ಕ್ಷಣದಲ್ಲಿ ತೆಳು ಪೊರೆ ಕಟ್ಟಿಕೊಂಡು ಒಳಗೆ ರಸ ಉಳಿಯುತ್ತದೆ. ಆದರೆ ರಸ ತೀರಾ ಹುಳಿಯಾದರೆ ಆಲ್ಜಿನೇಟ್ ಸರಿಯಾಗಿ ಕರಗದೆ, ಆಲ್ಜಿನಿಕ್ ಆಮ್ಲವಾಗಿ ಗಂಟುಗಟ್ಟುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ ನಾಲ್ಕರ ಆಸುಪಾಸಿಗಿಂತ ಕೆಳಗಿಳಿದರೆ ಈ ತೊಂದರೆ ಎದುರಾಗುತ್ತದೆಂಬುದು ಈ ಕಸುಬಿನವರಿಗೆ ತಿಳಿದ ಮಾತು.

ಅಡುಗೆಮನೆಯವರು ಇದಕ್ಕೆ ಸೋಡಿಯಂ ಸಿಟ್ರೇಟ್ ಬೆರೆಸಿ ಹುಳಿಯನ್ನು ತಗ್ಗಿಸಿದ್ದರು. ಹಿಂದಿನ ದಿನದ ಪ್ರಯೋಗದಲ್ಲಿ ಸರಿಬಂದ ಪ್ರಮಾಣ ಆ ರಾತ್ರಿ ಸರಿಬರಲಿಲ್ಲ. ಹೊಸದಾಗಿ ತೆರೆದ ಬಾಟಲಿಯ ಕಚಂಪುಳಿ ಹಿಂದಿನದಕ್ಕಿಂತ ಗಟ್ಟಿಯಾಗಿತ್ತು. ಮನೆಯಲ್ಲಿ ಕುದಿಸಿ ಇಳಿಸುವ ಪದಾರ್ಥ ಎರಡು ಬಾಟಲಿಯಲ್ಲಿ ಒಂದೇ ತೆರನಾಗಿರುವುದಿಲ್ಲ. ಮೊದಲ ಸಲದ ಮುತ್ತುಗಳು ಬಾಲ ಬಂದ ಗೊದಮೊಟ್ಟೆಗಳಂತಾದವೆಂದು ಶೆಫ್ ನನಗೆ ನಂತರ ಹೇಳಿದರು. ಅವನ್ನು ಚೆಲ್ಲಿ ಮತ್ತೆ ಮಾಡಿದರು. ಎಂಟು ಮೂವತ್ತೈದಕ್ಕೆ ಬರಬೇಕಿದ್ದ ತಟ್ಟೆ ಎಂಟು ನಲವತ್ತೆಂಟಕ್ಕೆ ಬಂತು. ಮುತ್ತುಗಳು ದುಂಡಗೆ, ಹೊಳೆಯುತ್ತ, ಮೂಗಿಗೆ ಕಚಂಪುಳಿಯ ವಾಸನೆ ಕೊಡುತ್ತಿದ್ದವು. ನಾಲಿಗೆಗೆ ಮಾತ್ರ ಹುಳಿಯೇ ತಾಗಲಿಲ್ಲ. ಹುಳಿಯನ್ನು ತೋರಿಸಲು ಹೊರಟ ವಿಧಾನ ಹುಳಿಯನ್ನೇ ಬಲಿ ಕೊಟ್ಟಿತ್ತು. ವಿಧಾನವನ್ನು ತಿರುಗಿಸಿ, ಕ್ಯಾಲ್ಸಿಯಂ ಲ್ಯಾಕ್ಟೇಟನ್ನು ರಸಕ್ಕೆ ಸೇರಿಸಿ ಆಲ್ಜಿನೇಟಿನ ನೀರಿಗೆ ಬಿಟ್ಟಿದ್ದರೆ ಆಮ್ಲದ ತೊಂದರೆ ತಪ್ಪುತ್ತಿತ್ತು. ಹಾಗೆ ಮಾಡಿದರೆ ಸಾಸಿವೆ ಗಾತ್ರದ ಮುತ್ತು ಬರುವುದು ಕಷ್ಟ, ನೆಲ್ಲಿಕಾಯಿ ಗಾತ್ರದ ಗೋಲಿ ಬರುತ್ತದೆ. ಛಾಯಾಚಿತ್ರದಲ್ಲಿ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ನಾಲ್ಕನೆಯದು ಕಣಿಲೆ. ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಕಹಿಯನ್ನೂ ವಿಷದ ಅಂಶವನ್ನೂ ತೆಗೆದ ಕಣಿಲೆಯನ್ನು ಮತ್ತೆ ಒಂದು ವಾರ ಹುಳಿಯಿಸಿದ್ದರು. ಚೆನ್ನಾಗಿತ್ತು, ಎರಡು ತುತ್ತಿನಷ್ಟಿತ್ತು.

ತಪ್ಪಾಗಿ ಓದಿದ ಮೌನ

ಎಂಟು ಐವತ್ತರಿಂದ ಮಾವನವರು ಮಾತು ನಿಲ್ಲಿಸಿದ್ದರು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಅವರು ಸುಮ್ಮನಾದದ್ದನ್ನು ಮೇಜಿನಲ್ಲಿದ್ದ ಪ್ರತಿಯೊಬ್ಬರೂ ಗಮನಿಸಿದೆವು, ಪ್ರತಿಯೊಬ್ಬರೂ ಅದನ್ನು ಊಟದ ಮೇಲಿನ ಅಭಿಪ್ರಾಯವೆಂದೇ ತಿಳಿದೆವು. ಭಾವಮೈದುನನ ಮುಖ ಕಪ್ಪಿಟ್ಟಿತು. ಅಪ್ಪನಿಗೆ ಹಿಡಿಸಲಿಲ್ಲವೆಂದು ಅವನು ಒಳಗೊಳಗೇ ಕುದಿಯುತ್ತಿದ್ದ. ನನ್ನ ಹೆಂಡತಿ ಮಾತು ಬದಲಿಸಲು ತೋಟದ ಮೆಣಸಿನ ಬಳ್ಳಿಯ ಸುದ್ದಿ ತೆಗೆದಳು. ನಾನು ಕಚಂಪುಳಿಯ ಆಮ್ಲದ ಬಗ್ಗೆ ಉಪನ್ಯಾಸ ಮಾಡುತ್ತಿದ್ದೆ. ಮೆನುವಿನ ಪದಗಳನ್ನು ವಿವರಿಸಲು ಬಂದ, ಬಡಿಸುವವರ ಮುಖ್ಯಸ್ಥರಾದ ಕ್ಯಾಪ್ಟನ್ ಕೂಡ, ದೊಡ್ಡವರಿಗೆ ಇಂಥ ರುಚಿ ಹೊಸದು, ನಿಧಾನವಾಗಿ ಹಿಡಿಸುತ್ತದೆ ಎಂದು ನಯವಾಗಿ ಸಮಾಧಾನ ಹೇಳಿ ಹೋದರು. ದುಬಾರಿ ಪ್ರಾಯೋಗಿಕ ಊಟದ ಮೇಜಿನಲ್ಲಿ ಎಲ್ಲರೂ ಎಲ್ಲರ ಮುಖವನ್ನು ಓದುತ್ತಿರುತ್ತಾರೆ, ಓದುವುದು ಮಾತ್ರ ಒಂದೇ ಪ್ರಶ್ನೆಯ ಉತ್ತರಕ್ಕಾಗಿ: ಹಿಡಿಸಿತೋ ಇಲ್ಲವೋ. ಬೆವರು, ನಡುಕ, ಮಂಕು ಯಾವುದೂ ಆ ಪ್ರಶ್ನೆಗೆ ಉತ್ತರವಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಒಂಬತ್ತು ಹತ್ತಕ್ಕೆ ಐದನೆಯ ತಟ್ಟೆ ಬಂತು. ಹುತ್ತದ ಅಣಬೆಯ ತಿಳಿಸಾರು; ಅಗಲ ಬಟ್ಟಲಿನಲ್ಲಿ ಅಣಬೆಯನ್ನಿಟ್ಟು, ಹೊಗೆಯ ವಾಸನೆಯ ಬಿಸಿ ಸಾರನ್ನು ಮೇಜಿನಲ್ಲೇ ಸುರಿದರು. ಮಾವ ಚಮಚ ಎತ್ತಿದಾಗ ಅದು ಬಟ್ಟಲಿನ ಅಂಚಿಗೆ ಟಕಟಕನೆ ಬಡಿಯಿತು. ಅತ್ತೆ ಆ ಸದ್ದಿಗೆ ತಲೆಯೆತ್ತಿ, ಯಾರನ್ನೂ ಏನನ್ನೂ ಕೇಳದೆ, ಮಾವನ ಅಂಗೈ ಹಿಡಿದು ನೋಡಿದರು. ಒದ್ದೆಯಾಗಿತ್ತು. "ಇವರಿಗೆ ಸಕ್ಕರೆ ಇಳಿದಿದೆ" ಎಂದು ಕೈಚೀಲದಿಂದ ಗ್ಲುಕೋಮೀಟರ್ ತೆಗೆದರು. ಎಣ್ಣೆದೀಪದ ಬೆಳಕಿನಲ್ಲಿ ಅಂಕಿ ಕಾಣದೆ, ನಾನು ಮೊಬೈಲಿನ ಟಾರ್ಚ್ ಹಿಡಿದೆ. 58.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೇಗ ಕರಗುವ ಸಕ್ಕರೆ ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕೆಂಬುದು ವೈದ್ಯರು ಹೇಳಿಕೊಡುವ ನಿಯಮ. ಮೂರು ಟೀ ಚಮಚ ಸಕ್ಕರೆ ಸಾಕು. ನಾನು ಸಕ್ಕರೆ ತರಲು ಹೇಳಿದೆ. ಹುಡುಗ ಕ್ಯಾಪ್ಟನ್ ಬಳಿಗೆ ಓಡಿದ, ಕ್ಯಾಪ್ಟನ್ ಅಡುಗೆಮನೆಗೆ ಹೋದರು; ಒಳಗಿನಿಂದ ಬಂದ ಮೊದಲ ಮಾತು, ಸಿಹಿಯ ತಟ್ಟೆ ಒಂಬತ್ತನೆಯದು, ಬೇಕಾದರೆ ಅದನ್ನು ಮುಂಚೆ ಕೊಡಬಹುದು, ಆದರೆ ಅದಕ್ಕೆ ಹತ್ತು ನಿಮಿಷ ಬೇಕು ಎಂಬುದು. ಇದು ಕಲ್ಲೆದೆಯ ಮಾತಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆ ಅಡುಗೆಮನೆಯಲ್ಲಿ ಪದಾರ್ಥಕ್ಕೆ ಹೆಸರಿಲ್ಲ, ತಟ್ಟೆಯ ಸಂಖ್ಯೆಗೆ ಹೆಸರಿದೆ. ಸಕ್ಕರೆ ಬೇಕೆಂಬ ಕೋರಿಕೆ ಒಳಗೆ ತಲುಪುವಷ್ಟರಲ್ಲಿ ಒಂಬತ್ತನೆಯ ತಟ್ಟೆ ಮುಂಚೆ ಬೇಕೆಂಬ ಕೋರಿಕೆಯಾಗಿ ಬದಲಾಗಿತ್ತು. ಅಷ್ಟರಲ್ಲಿ ಅಸ್ಸಾಮಿನ ಹುಡುಗ ಯಾರ ಅಪ್ಪಣೆಗೂ ಕಾಯದೆ ತೋಟದ ಜೇನಿನ ಶೀಶೆಯನ್ನೇ ತಂದಿಟ್ಟ. ಅತ್ತೆ ಒಂದು ದೊಡ್ಡ ಚಮಚ ತುಂಬಾ ಕುಡಿಸಿದರು.

ಒಂಬತ್ತು ಇಪ್ಪತ್ತೊಂಬತ್ತಕ್ಕೆ ಅಂಕಿ 84. ಆದರೆ ಗ್ಲಿಮಿಪಿರೈಡಿನ ಗುಣವೇ ಬೇರೆ; ಹೊಟ್ಟೆಗೆ ಅನ್ನ ಬರಲಿ ಬಾರದಿರಲಿ, ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅದರ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ. ಜೇನು ಏರಿಸಿದ ಸಕ್ಕರೆ ಮತ್ತೆ ಇಳಿಯಬಹುದು. ಹೊರಗೆ ಮಳೆ, ಮಂಜು. ಮಡಿಕೇರಿಯ ಆಸ್ಪತ್ರೆಗೆ ಆ ರಾತ್ರಿ ಕಡಿಮೆಯೆಂದರೂ ನಲವತ್ತು ನಿಮಿಷದ ದಾರಿ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತಕ್ಷಣ ಹೊಟ್ಟೆ ತುಂಬುವಷ್ಟು ಪಿಷ್ಟ ಬೇಕಿತ್ತು. ಹನ್ನೊಂದು ತಟ್ಟೆಗಳಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಇದ್ದದ್ದು ಸಿಬ್ಬಂದಿಯ ಊಟ. ಹುಡುಗ ಅದನ್ನೇ ಸ್ಟೀಲ್ ತಟ್ಟೆಯಲ್ಲಿ ಹಾಕಿಕೊಂಡು ಬಂದ: ಕುಸುಬಲಕ್ಕಿ ಅನ್ನ, ಬೇಳೆ ಸಾರು, ಒಂದು ತುಂಡು ಹುರಿದ ಮೀನು. ಮಾವ ಮೊದಲ ತುತ್ತು ಕಲಸಿಕೊಳ್ಳುತ್ತ, "ನಿನ್ನ ಪಾಲನ್ನು ನನಗೆ ಕೊಟ್ಟೆಯೇನೋ ಮಗಾ?" ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಅವನದೇ ಇರಬೇಕೆಂದು ನನಗೆ ಇಂದಿಗೂ ಅನುಮಾನ.

ಕಡಂಬುಟ್ಟು ಎಲ್ಲಿ ಹೋಯಿತು

ಆರನೆಯ ತಟ್ಟೆ ಪಂದಿ ಕರಿ. ಮೇಲಿನ ಘಟನೆಗೂ ಇದಕ್ಕೂ ನೇರ ಸಂಬಂಧವಿಲ್ಲವೆಂದು ಮೊದಲು ಭಾವಿಸಿದ್ದೆ. ಯೋಚಿಸಿದಷ್ಟೂ ಎರಡರ ಬೇರೂ ಒಂದೇ ಎನ್ನಿಸಿತು.

ಮಾಂಸವನ್ನು ನಿರ್ವಾತ ಚೀಲದಲ್ಲಿಟ್ಟು 62 ಡಿಗ್ರಿಯ ನೀರಿನಲ್ಲಿ 24 ಗಂಟೆ ಬೇಯಿಸಿ, ಆಮೇಲೆ ಕಾದ ಕಬ್ಬಿಣದ ಮೇಲೆ ಮೇಲ್ಮೈಯನ್ನು ಕಂದಿಸಿದ್ದರು. ಬೆಣ್ಣೆಯಂತೆ ಬಿಟ್ಟುಕೊಳ್ಳುತ್ತಿತ್ತು. ಪಕ್ಕದಲ್ಲಿ ಹುರಿದ ಮಸಾಲೆಯ ಕಪ್ಪು ಗೀರು. ಅದರ ಜೊತೆ ತಿನ್ನುವ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಬದಲು, ಅಕ್ಕಿಯ ಗಂಜಿಯನ್ನು ಅನಿಲದ ಸೈಫನ್‌ನಿಂದ ಉಬ್ಬಿಸಿದ ಬಿಳಿ ನೊರೆ. ಮಾವ ಚೇತರಿಸಿಕೊಂಡಿದ್ದರು, ನಾಲಿಗೆಯೂ ಹರಿತವಾಗಿತ್ತು. "ಹಂದಿ ಚೆನ್ನಾಗಿದೆ. ಕರಿ ಎಲ್ಲಿ?" ಎಂದರು.

ಆ ಪ್ರಶ್ನೆಗೆ ಅಡುಗೆಶಾಸ್ತ್ರದ ಉತ್ತರವಿದೆ. ಮನೆಯ ಪಂದಿ ಕರಿಯಲ್ಲಿ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಮೆಂತ್ಯ, ಸಾಸಿವೆಗಳನ್ನು ಕಪ್ಪಾಗುವವರೆಗೆ ಹುರಿದು ಪುಡಿಮಾಡಿ, ಮಾಂಸದೊಂದಿಗೆ ಬೇಯಿಸುತ್ತೇವೆ. ಹಂದಿಯ ಕೊಬ್ಬು ಕರಗಿ ಹೊರಬಂದು, ಎಣ್ಣೆಯಲ್ಲಿ ಮಾತ್ರ ಕರಗುವ ಮಸಾಲೆಯ ಪರಿಮಳವನ್ನೆಲ್ಲ ಹೀರಿಕೊಳ್ಳುತ್ತದೆ; ಕೊನೆಗೆ ಹಾಕುವ ಕಚಂಪುಳಿ ಆ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. 62 ಡಿಗ್ರಿಯ ಚೀಲದಲ್ಲಿ ಕೊಬ್ಬು ಮೆತ್ತಗಾಗಿ ಮಾಂಸದಲ್ಲೇ ಉಳಿಯುವುದರಿಂದ ಮಸಾಲೆಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಹುಳಿ ಅದಾಗಲೇ ಮೂರನೆಯ ತಟ್ಟೆಯಲ್ಲಿ ಮುತ್ತಾಗಿ ಹೋಗಿತ್ತು. ಇನ್ನು ಕಡಂಬುಟ್ಟು: ಅಕ್ಕಿತರಿಯ ಆ ಉಂಡೆಯ ಕೆಲಸ ಎರಡು. ಬೆರಳಿನಿಂದ ಮುರಿದಾಗ ಒರಟಾದ ಒಳಭಾಗ ತೆರೆದುಕೊಂಡು ಗಸಿಯನ್ನು ಹೀರಬೇಕು, ಮತ್ತು ಹೊಟ್ಟೆ ತುಂಬಿಸಬೇಕು. ನೊರೆಯು ಅದರ ಬಣ್ಣವನ್ನೂ ಅಕ್ಕಿಯ ಪರಿಮಳವನ್ನೂ ಉಳಿಸಿಕೊಂಡು, ಈ ಎರಡು ಕೆಲಸವನ್ನು ಮಾತ್ರ ಬಿಟ್ಟಿತ್ತು. ಹೀರಲು ಗಸಿಯೂ ಇರಲಿಲ್ಲವೆನ್ನಿ.

ಒಂದು ಖಾದ್ಯದ ರೂಪವನ್ನು ಬದಲಿಸುವ ಅಧಿಕಾರ ಅಡುಗೆಯವನಿಗಿದೆ. ಆದರೆ ಆ ರೂಪ ಏನು ಕೆಲಸ ಮಾಡುತ್ತಿತ್ತೆಂದು ಮೊದಲು ಕೇಳಿಕೊಳ್ಳದೆ ಬದಲಿಸಿದ್ದು ಇಲ್ಲಿಯ ದೋಷ. ಕಡಂಬುಟ್ಟು ನೊರೆಯಾದದ್ದು ಮತ್ತು ಊಟದ ಮೊದಲ ಒಂದು ಗಂಟೆಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆಯಿದ್ದದ್ದು, ಎರಡೂ ಆ ಕೇಳದ ಪ್ರಶ್ನೆಯ ಫಲ.

ಹಾಗೆಂದು ಆ ರಾತ್ರಿಯ ಎಲ್ಲವೂ ಹಾಗಿರಲಿಲ್ಲ. ಅಣಬೆಯ ಸಾರು ನಾನು ಈಚೆಗೆ ಉಂಡದ್ದರಲ್ಲೆಲ್ಲ ಉತ್ತಮವಾದದ್ದು. ಮಾವನಿಗಾಗಿ ಗಾಬರಿಪಡುತ್ತಲೇ ಅದನ್ನು ತಣ್ಣಗೆ ಕುಡಿದೆ, ಆದರೂ ಒಲೆಯ ಮೇಲಿನ ಅಟ್ಟದ ಹೊಗೆ ಅದರಲ್ಲಿತ್ತು. ಉಪ್ಪುನೀರಿನಲ್ಲಿ ಇಟ್ಟ ಕಾಡುಮಾವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಮೇಜಿನಲ್ಲೇ ಹೆಪ್ಪುಗಟ್ಟಿಸಿದ್ದು ಹೆಚ್ಚಾಗಿ ಕಣ್ಣಿಗೆ ಹಬ್ಬ. ಕೊನೆಯ ತಟ್ಟೆಯ ಮದ್ದು ಪಾಯಸದ ವಿಷಯ ಬೇರೆ. ಸೊಪ್ಪಿನ ನೀರನ್ನು ಅಗರ್‌ನಿಂದ ತೆಳ್ಳಗೆ ಹಾಳೆಯಂತೆ ಹೆಪ್ಪುಗಟ್ಟಿಸಿ, ಅದರೊಳಗೆ ಬೆಲ್ಲ ಹಾಕಿದ ಅಕ್ಕಿ ಪಾಯಸವನ್ನು ಮಡಿಚಿ, ಮೇಲೆ ತೆಂಗಿನಹಾಲಿನ ಐಸ್ ಇಟ್ಟಿದ್ದರು. ಮದ್ದು ಸೊಪ್ಪಿನ ವಾಸನೆ ಹಬೆಯೊಂದಿಗೆ ಹಾರಿಹೋಗದೆ ಬಾಯೊಳಗೇ ಬಿಚ್ಚಿಕೊಂಡಿತು. ಇಲ್ಲಿ ವಿಧಾನ ಪದಾರ್ಥಕ್ಕೆ ದುಡಿದಿತ್ತು. ಬೆಳಿಗ್ಗೆ ತಾವೇ ಮಾಡಿದ ಪಾಯಸ ಕುಡಿದಿದ್ದ ಅತ್ತೆ ಎರಡನೆಯ ತುಂಡನ್ನು ಕೇಳಿ ಪಡೆದರು. ಬೆಳಿಗ್ಗೆ ತೋಟದ ಕೆಲಸದವರನ್ನು ನೋಡಿಕೊಳ್ಳುತ್ತ ಮನೆಯ ಪಾಯಸವನ್ನು ತಪ್ಪಿಸಿಕೊಂಡಿದ್ದ ಮಾವ, "ಸೊಪ್ಪು ನಿಜವೋ ಬರೀ ಬಣ್ಣವೋ ಅಂತ ನಾಳೆ ಬೆಳಿಗ್ಗೆ ಗೊತ್ತಾಗುತ್ತೆ" ಎಂದರು. ಮದ್ದು ಪಾಯಸ ಉಂಡ ಮರುದಿನ ಮೂತ್ರ ಕೆಂಪಗಾಗುವುದನ್ನು ಬಲ್ಲ ನಾವು ನಕ್ಕೆವು, ಕ್ಯಾಪ್ಟನ್‌ಗೆ ಅರ್ಥವಾಗಲಿಲ್ಲ.

ಬಿಲ್ಲು

ಐವರಿಗೆ 27,500 ರೂಪಾಯಿ ಮೊದಲೇ ಪಾವತಿಯಾಗಿತ್ತು. ರಾತ್ರಿ ಕೊಟ್ಟ ಬಿಲ್ಲಿನಲ್ಲಿ ಹತ್ತು ಶೇಕಡಾ ಸೇವಾ ಶುಲ್ಕ 2,750, ಎರಡರ ಮೊತ್ತದ ಮೇಲೆ ಹದಿನೆಂಟು ಶೇಕಡಾ ಜಿಎಸ್‌ಟಿ 5,445, ಒಟ್ಟು 35,695 ಎಂದಿತ್ತು. ಕೋಣೆಯ ದಿನಬಾಡಿಗೆ 7,500 ರೂಪಾಯಿ ಮೀರಿದ ಹೋಟೆಲುಗಳ ಊಟಕ್ಕೆ ಹದಿನೆಂಟು ಶೇಕಡಾ ತೆರಿಗೆ ಇರುವುದು ನಿಜ; ಸೇವಾ ಶುಲ್ಕ ಹಾಗಲ್ಲ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿತ್ತು. ಹೇಳಿದ ಕೂಡಲೇ ತೆಗೆದರು. ಬಿಲ್ಲು 32,450ಕ್ಕೆ ಇಳಿಯಿತು. ಭಾವಮೈದುನ ಉಳಿದ ಹಣದಲ್ಲಿ ಒಂದು ಭಾಗವನ್ನು ಅಸ್ಸಾಮಿನ ಹುಡುಗನ ಕೈಗೆ ನೇರವಾಗಿ ಕೊಟ್ಟ.

ಆಮೇಲೆ

ಹತ್ತು ದಿನ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಶೆಫ್ ಅವರನ್ನು ಹೋಗಿ ಕಂಡೆ. ದೂರು ಹೇಳಲು ಹೋದೆನೆಂದು ಅವರು ಮೊದಲು ಬಿಗಿಯಾಗಿದ್ದರು. ನಾನು ತಕ್ಕಡಿ ಕೇಳಿದೆ. ಇಬ್ಬರೂ ಸೇರಿ ಮೊದಲ ನಾಲ್ಕು ತಟ್ಟೆಗಳ ಅಕ್ಕಿಯ ಭಾಗಗಳನ್ನಷ್ಟೇ ತೂಗಿ ಲೆಕ್ಕ ಹಾಕಿದಾಗ, ಒಟ್ಟು ಪಿಷ್ಟ ಎಂಟು ಗ್ರಾಮಿನ ಆಸುಪಾಸು ಬಂತು. ಮಾವ ಮನೆಯಲ್ಲಿ ಮಾತ್ರೆ ನುಂಗಿ ಕಾಲು ಗಂಟೆಯೊಳಗೆ ತಿನ್ನುವ ಎರಡು ಒಟ್ಟಿಗಳಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಶೆಫ್ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಪ್ರತಿ ತಟ್ಟೆಯ ವೆಚ್ಚ, ತೂಕ, ಜೋಡಿಸಲು ಹಿಡಿಯುವ ಕ್ಷಣಗಳು ತಮ್ಮ ಪುಸ್ತಕದಲ್ಲಿವೆ, ಆದರೆ ಹನ್ನೊಂದನ್ನೂ ಕೂಡಿಸಿ ನೋಡುವ ಅಂಕಣವೇ ಇಲ್ಲ ಎಂದು ಅವರೇ ಹೇಳಿದರು.

ಅವರು ಮಾಡಿಕೊಂಡ ಬದಲಾವಣೆಗಳು ಕಡಿಮೆ, ನನ್ನ ದೃಷ್ಟಿಯಲ್ಲಿ ಸಾಕಾಗುವಂಥವೂ ಅಲ್ಲ. ಕಾಯ್ದಿರಿಸುವ ನಮೂನೆಯಲ್ಲಿ ಊಟಕ್ಕೆ ಮುಂಚೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಬಂದಿದೆ, ಮೂರೂವರೆ ಗಂಟೆಯ ಸೂಚನೆ ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಏರಿದೆ. ಅಂಥವರಿದ್ದರೆ ಮೇಜಿಗೆ ಕೂತ ಹತ್ತು ನಿಮಿಷದೊಳಗೆ ಎರಡು ಕಡಂಬುಟ್ಟನ್ನು, ನಿಜವಾದದ್ದನ್ನು, ಅಣಬೆಯ ಸಾರಿನೊಂದಿಗೆ ಕೊಡುತ್ತಾರೆ. ಎಲ್ಲರಿಗೂ ಹಾಗೆಯೇ ಕೊಟ್ಟರೆ ಊಟದ ಏರಿಳಿತ ಕೆಡುತ್ತದೆಂಬುದು ಅವರ ವಾದ; ಕೆಡಲಿ ಎಂಬುದು ನನ್ನದು, ಆ ಮಾತಿನಲ್ಲಿ ನಮಗೆ ಒಮ್ಮತವಾಗಲಿಲ್ಲ. ತಡವಾದ ತಂಡಕ್ಕಾಗಿ ಉಳಿದ ಮೇಜುಗಳನ್ನು ಕಾಯಿಸುವ ಕ್ರಮವನ್ನು ಅವರು ಬಿಟ್ಟಿಲ್ಲ. ಕಚಂಪುಳಿಯನ್ನು ಈಗ ತಿರುಗು ವಿಧಾನದಿಂದ ನೆಲ್ಲಿಕಾಯಿ ಗಾತ್ರದ ಗೋಲಿಯಾಗಿಸಿ ಪಂದಿ ಕರಿಯ ತಟ್ಟೆಗೇ ಸೇರಿಸಿದ್ದಾರೆ. ಒಂದು ಗೋಲಿಯನ್ನು ನನಗೆ ರುಚಿ ನೋಡಲು ಕೊಟ್ಟರು. ಹಲ್ಲಿಗೆ ಸಿಕ್ಕಿ ಒಡೆದಾಗ ದವಡೆ ಝುಮ್ಮೆಂದಿತು.

ಹೊರಡುವಾಗ ಅವರು ಬಾಗಿಲವರೆಗೆ ಬಂದು, ಒಂದು ಮಾತು ಕೇಳುವುದಿತ್ತು, ಆ ರಾತ್ರಿ ಯಜಮಾನರು ಪಾಯಸದ ಬಗ್ಗೆ ಏನೋ ಹೇಳಿದಾಗ ನೀವೆಲ್ಲ ನಕ್ಕಿರಂತೆ, ಅದೇನು ಎಂದರು. ಹೇಳಿದೆ. ಮರುದಿನ ಬೆಳಿಗ್ಗೆ ಏಳಕ್ಕೇ ಮಾವ ಫೋನ್ ಮಾಡಿ, ಬೇರೆ ಪೀಠಿಕೆಯಿಲ್ಲದೆ, "ಸೊಪ್ಪು ನಿಜದ್ದೇ" ಎಂದು ತಿಳಿಸಿದ್ದನ್ನೂ ಹೇಳಿದೆ.